ಫ್ಲಶ್ ಟ್ಯಾಂಕ್ ಸೋರಿ ಮೇಲಿನ ಟ್ಯಾಂಕ್ ಪೂರ್ತಿ ಖಾಲಿ, ಪ್ಲಂಬರ್ ಬರೋದು ಬುಧವಾರ: ಅಲ್ಲಿವರೆಗೂ ನಾವೇ ಏನು ಮಾಡಬಹುದು?

ಕಾರಂಜಿಕಟ್ಟೆ ಮನೆ (ಕೋಲಾರ), ಭಾನುವಾರ ಬೆಳಿಗ್ಗೆ 6:40

ಎಲ್ಲರಿಗೂ ನಮಸ್ಕಾರ. ನಿನ್ನೆ ಸಾಯಂಕಾಲ ಟ್ಯಾಂಕರ್ ತರಿಸಿ ನೆಲದಡಿಯ ಸಂಪ್‌ಗೆ ನೀರು ಬಿಡಿಸ್ಕೊಂಡು, ಮಹಡಿ ಮೇಲಿನ 500 ಲೀಟರ್ ಟ್ಯಾಂಕ್ ತುಂಬಿಸಿ ಮಲಗಿದ್ದೆ. ಬೆಳಿಗ್ಗೆ ಮುಖ ತೊಳೆಯೋಕೆ ನಲ್ಲಿ ತಿರುಗಿಸಿದರೆ ಬರೀ ಗಾಳಿ ಸದ್ದು. ಮೇಲೆ ಹತ್ತಿ ನೋಡಿದರೆ ಟ್ಯಾಂಕಿನ ತಳದಲ್ಲಿ ನಾಲ್ಕು ಬೆರಳು ನೀರೂ ಇಲ್ಲ. ನೆಲ ಎಲ್ಲೂ ಒದ್ದೆ ಆಗಿಲ್ಲ, ಗೋಡೆಯಲ್ಲಿ ತೇವ ಇಲ್ಲ. ರಾತ್ರಿ ಮಲಗೋವಾಗ ಬಚ್ಚಲು ಮನೆ ಕಡೆಯಿಂದ ಸಣ್ಣಗೆ ಸರ್ ಅನ್ನೋ ಸದ್ದು ಕೇಳಿಸಿತ್ತು, ಪಕ್ಕದ ಮನೆಯದ್ದು ಅಂದುಕೊಂಡೆ. ಈಗ ಮೋಟರ್ ಹಾಕಿ ಎರಡು ಬಕೆಟ್‌ನಷ್ಟು ಏರಿಸಿ ನೋಡಿದರೆ, ಕಮೋಡ್ ಒಳಗೋಡೆ ಮೇಲೆ ಕಡ್ಡಿ ಗಾತ್ರದಲ್ಲಿ ನೀರು ಇಳೀತಾನೇ ಇದೆ.

ನಮ್ಮ ಪ್ಲಂಬರ್ ಊರಿಗೆ ಹೋಗಿದ್ದಾರೆ, ಬುಧವಾರ ಬರ್ತೀನಿ ಅಂದರು. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಮೂರು ದಿನ ಬಕೆಟ್ ಹೊತ್ತು ಹಾಕಿ ಅನ್ನೋಕಾಗಲ್ಲ. ಪಾನ (ಸ್ಪ್ಯಾನರ್), ಸ್ಕ್ರೂ ಡ್ರೈವರ್ ಎರಡೂ ಇವೆ. ಹೇಳಿಕೊಟ್ಟರೆ ನಾನೇ ಮಾಡ್ತೀನಿ.

ಟೇಕಲ್ ರಸ್ತೆ ಪ್ಲಂಬರ್, 7:15

ಅಕ್ಕ, ಮೊದಲು ಕಮೋಡ್ ಪಕ್ಕದಲ್ಲಿ ಗೋಡೆಯಿಂದ ಬಂದಿರೋ ಆ್ಯಂಗಲ್ ಕಾಕ್ (ಫ್ಲಶ್ ಟ್ಯಾಂಕ್‌ಗೆ ನೀರು ಬಿಡೋ ಸಣ್ಣ ನಲ್ಲಿ) ಬಂದ್ ಮಾಡಿ. ಉಳಿದಿರೋ ನೀರಾದರೂ ಉಳೀತದೆ.

ಆಮೇಲೆ ಫ್ಲಶ್ ಟ್ಯಾಂಕ್ ಮುಚ್ಚಳ ತೆಗೀರಿ. ಮೇಲೆ ಬಟನ್ ಇರೋ ಟ್ಯಾಂಕಾದರೆ ಬಟನ್ ಸುತ್ತಲಿನ ಬಳೆ ತಿರುಗಿಸಿದರೆ ಮುಚ್ಚಳ ಬಿಡುತ್ತೆ. ಒಳಗೆ ಎರಡೇ ಸಾಮಾನು. ಒಂದು ನೀರು ತುಂಬಿಸೋದು, ಅದಕ್ಕೆ ಬಾಲ್ ಅಥವಾ ಪ್ಲಾಸ್ಟಿಕ್ ಡಬ್ಬಿ ಥರ ಫ್ಲೋಟ್ ಇರುತ್ತೆ. ಇನ್ನೊಂದು ನಡುವೆ ನಿಂತಿರೋದು, ನೀರು ಬಿಡೋ ಫ್ಲಶ್ ವಾಲ್ವ್. ಕೆಟ್ಟಿರೋದು ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಏನೂ ತರಬೇಡಿ. ನೀರು ಮೇಲಕ್ಕೆ ಏರಿ ಓವರ್‌ಫ್ಲೋ ಪೈಪಿನ ಬಾಯೊಳಗೆ ಬೀಳ್ತಿದ್ದರೆ ಫ್ಲೋಟ್ ಕಡೆ ತೊಂದರೆ. ನೀರು ಓವರ್‌ಫ್ಲೋ ಬಾಯಿಗಿಂತ ಒಂದು ಇಂಚು ಕೆಳಗೆ ನಿಲ್ಲಬೇಕು, ಅದಕ್ಕಂತ ಫ್ಲೋಟ್ ಪಕ್ಕ ಒಂದು ಸ್ಕ್ರೂ ಇರುತ್ತೆ. ನೀರು ಅಷ್ಟು ಏರದೇ ಕಮೋಡ್‌ಗೆ ಇಳೀತಿದ್ದರೆ ತಳದ ರಬ್ಬರ್ ಸೀಲ್ ಹೋಗಿದೆ ಅಥವಾ ಅದರಡಿ ಉಪ್ಪು ಕೂತಿದೆ. ನಮ್ಮೂರಲ್ಲಿ ನಾನು ಬಿಚ್ಚಿರೋ ಹತ್ತು ಟ್ಯಾಂಕಲ್ಲಿ ಎಂಟರಲ್ಲಿ ಉಪ್ಪೇ.

ಕಾರಂಜಿಕಟ್ಟೆ ಮನೆ, 8:05

ಅಣ್ಣ, ಆ್ಯಂಗಲ್ ಕಾಕ್ ತಿರುಗ್ತಾನೇ ಇಲ್ಲ. ಮನೆ ಕಟ್ಟಿ ಎಂಟು ವರ್ಷ ಆಯ್ತು, ಒಂದು ಸಲಾನೂ ಅದನ್ನ ಮುಟ್ಟಿರಲಿಲ್ಲ. ಹಿಡಿ ಸುತ್ತ ಬೆಳ್ಳಗೆ ಉಪ್ಪು ಕಟ್ಟಿದೆ. ಪಾನ ಹಾಕಿ ತಿರುಗಿಸಲಾ?

ಟೇಕಲ್ ರಸ್ತೆ ಪ್ಲಂಬರ್, 8:09

ಬೇಡ ಅಕ್ಕ, ಬೇಡ. ಒಳಗಿನ ಕಡ್ಡಿ ಮುರೀತದೆ, ಇಲ್ಲಾಂದರೆ ಕಾಕ್ ಪೂರ್ತಿ ತಿರುಗಿ ಗೋಡೆಯೊಳಗಿನ ಎಲ್ಬೋ (ಪೈಪ್ ತಿರುಗೋ ಜಾಗದ ಜೋಡಣೆ) ಬಿರುಕು ಬಿಡುತ್ತೆ. ಆಮೇಲೆ ಟೈಲ್ಸ್ ಒಡೀಬೇಕು. ಮಹಡಿ ಮೇಲೆ ಟ್ಯಾಂಕಿನಿಂದ ಹೊರಡೋ ಪೈಪಲ್ಲಿ ವಾಲ್ವ್ ಇರುತ್ತೆ, ಅದನ್ನ ಬಂದ್ ಮಾಡಿ. ಬಂದ್ ಆಗಿದೆಯಾ ಅಂತ ಕೆಳಗೆ ಬಂದು ಎಲ್ಲಕ್ಕಿಂತ ತಗ್ಗಿನಲ್ಲಿರೋ ನಲ್ಲಿ ಬಿಟ್ಟು ನೋಡಿ. ಪೈಪಲ್ಲಿರೋದು ಹರಿದು ಪೂರ್ತಿ ನಿಲ್ಲಬೇಕು. ನಿಂತ ಮೇಲೇ ಕೈ ಹಾಕಿ.

ಕೆಜಿಎಫ್ ನಿವೃತ್ತ, 8:40

ಈ ಮಾತನ್ನು ದಯವಿಟ್ಟು ಎಲ್ಲರೂ ಎರಡು ಸಲ ಓದಿ. ನಾನು ಇದನ್ನು ಕಷ್ಟಪಟ್ಟೇ ಕಲಿತೆ. ನಮ್ಮದು ಹಳೇ ಮನೆ, ಜಿಐ (ಕಬ್ಬಿಣದ) ಪೈಪು. ವಾಷ್ ಬೇಸಿನ್ ಕೆಳಗಿನ ಕಾಕ್ ಬದಲಾಯಿಸೋಣ ಅಂತ ಮೇಲಿನ ಗೇಟ್ ವಾಲ್ವ್ ತಿರುಗಿಸಿದೆ, ಚಕ್ರ ಬಿಗಿಯಾಯ್ತು, ಬಂದ್ ಆಯ್ತು ಅಂದುಕೊಂಡೆ. ನಲ್ಲಿ ಬಿಟ್ಟು ನೋಡಲಿಲ್ಲ. ಕಾಕ್ ಬಿಚ್ಚಿದ ಕ್ಷಣ ನೀರು ಎದೆಗೇ ಹೊಡೀತು. ಗೇಟ್ ವಾಲ್ವ್ ಒಳಗಿನ ಬಾಗಿಲು ಕೂರೋ ತಳದಲ್ಲಿ ಉಪ್ಪು, ತುಕ್ಕು ಸೇರಿ ಅರ್ಧಕ್ಕೇ ನಿಂತಿತ್ತು. ನನ್ನ ಹೆಂಡತಿ ಹಳೇ ಪಂಚೆ ಹರಿದು ಮರದ ಬೆಣೆಗೆ ಸುತ್ತಿ ತಂದು ಕೊಟ್ಟಳು, ಅದನ್ನೇ ಪೈಪಿನ ಬಾಯಿಗೆ ಬಡಿದು ನೀರು ನಿಲ್ಲಿಸಿದ್ದು. ಅಷ್ಟರಲ್ಲಿ ನಡುಮನೆಗೆ ನೀರು ಬಂದಿತ್ತು, ಮಂಚದ ಕೆಳಗಿಟ್ಟಿದ್ದ ರಾಗಿ ಮೂಟೆ ನೆನೆದು ಹೋಯ್ತು.

ಆ ವಾರವೇ ಗೇಟ್ ವಾಲ್ವ್ ತೆಗೆಸಿ ಬಾಲ್ ವಾಲ್ವ್ ಹಾಕಿಸಿದೆ. ಅದರ ಹಿಡಿ ಪೈಪಿನ ಜೊತೆ ನೇರ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ದೂರದಿಂದಲೇ ಗೊತ್ತಾಗುತ್ತೆ. ಈಗ ಮನೆಯ ಪ್ರತಿ ಕಾಕನ್ನೂ ಯುಗಾದಿಗೆ ಒಂದು ಸಲ, ದಸರೆಗೆ ಒಂದು ಸಲ ಮುಚ್ಚಿ ತೆರೀತೀನಿ. ಆಯುಧಪೂಜೆ ದಿನ ಪಾನ, ಪ್ಲೈಯರ್ ಹೇಗೂ ಹೊರಗೆ ಬಂದಿರುತ್ತವೆ.

ಕಾರಂಜಿಕಟ್ಟೆ ಮನೆ, 10:30

ಮೇಲಿನದ್ದು ಬಾಲ್ ವಾಲ್ವೇ ಇತ್ತು, ಬಂದ್ ಆಯ್ತು. ಕೆಜಿಎಫ್ ಸರ್ ಹೇಳಿದ ಹಾಗೆ ಕೆಳಗಿನ ನಲ್ಲಿ ಬಿಟ್ಟು ಖಾತ್ರಿ ಮಾಡಿಕೊಂಡೆ.

ಫ್ಲಶ್ ಟ್ಯಾಂಕ್‌ಗೆ ಎರಡು ತಂಬಿಗೆ ನೀರು ಹುಯ್ದು, ನೀರಿನ ಮಟ್ಟಕ್ಕೆ ಒಳಗೋಡೆ ಮೇಲೆ ಪೆನ್ಸಿಲ್ ಗೀಟು ಎಳೆದೆ. ಕೇಸರಿಬಾತ್‌ಗೆ ಹಾಕೋ ಬಣ್ಣ ಒಂದು ಚಿಟಿಕೆ ಉದುರಿಸಿ, ಫ್ಲಶ್ ಮಾಡದೆ ಬಿಟ್ಟೆ. ಕಾಲು ಗಂಟೆಗೇ ಕಮೋಡ್ ಒಳಗೋಡೆ ಮೇಲೆ ಕೇಸರಿ ಗೆರೆ. ಟ್ಯಾಂಕಲ್ಲಿ ನೀರು ಗೀಟಿಗಿಂತ ಎರಡು ಬೆರಳು ಇಳಿದಿತ್ತು. ಅಂದರೆ ತಳದ ಸೀಲ್, ಅಲ್ವಾ ಅಣ್ಣ?

ಬಿಚ್ಚೋ ಮುಂಚೆ ಫೋನಲ್ಲಿ ಮೂರು ಫೋಟೋ ತೆಗೆದಿಟ್ಟೆ. ನಡುವಿನ ವಾಲ್ವನ್ನ ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕೈಗೆ ಬಂತು. ಅಡಿಯಲ್ಲಿ ಬಳೆ ಥರ ತೆಳ್ಳನೆ ರಬ್ಬರ್. ಹರಿದಿಲ್ಲ. ಆದರೆ ಬೆರಳಾಡಿಸಿದರೆ ಒಂದು ಕಡೆ ತರಿ ತರಿ, ಸಕ್ಕರೆ ಅಂಟಿದ ಹಾಗೆ. ಟ್ಯಾಂಕ್ ತಳದಲ್ಲಿ ಆ ರಬ್ಬರ್ ಕೂರೋ ಅಂಚಿನಲ್ಲೂ ಸಾಸಿವೆ ಕಾಳಿನಷ್ಟು ಬಿಳಿ ಗಂಟು ಒಂದಿದೆ. ಉಗುರಿಗೆ ಬರ್ತಿಲ್ಲ.

ಟೇಕಲ್ ರಸ್ತೆ ಪ್ಲಂಬರ್, 10:42

ಸರಿಯಾಗಿ ಹಿಡಿದಿರಿ ಅಕ್ಕ. ಆ ಸಾಸಿವೆ ಕಾಳೇ ನಿಮ್ಮ ಟ್ಯಾಂಕರ್ ನೀರು ಕುಡಿದಿದ್ದು. ಚಾಕು, ಸ್ಕ್ರೂ ಡ್ರೈವರ್ ಹಾಕಿ ಕೆರೀಬೇಡಿ. ಅಂಚಿಗೆ ಗೀರು ಬಿದ್ದರೆ ಹೊಸ ರಬ್ಬರ್ ಹಾಕಿದರೂ ಸೋರ್ತದೆ.

ಚಿಂತಾಮಣಿ ಸೊಸೆ, 10:55

ಅಕ್ಕ, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಕೇಳಿ, ಪುಡಿ ಕೊಡ್ತಾರೆ. ನಮ್ಮ ಕಡೆಯ ಬೋರ್ ನೀರೂ ಇಂಥದ್ದೇ, ನಮ್ಮನೆಯಲ್ಲಿ ಅದಿಲ್ಲದೆ ತಿಂಗಳು ಕಳೆಯಲ್ಲ. ಅರ್ಧ ಲೀಟರ್ ಉಗುರು ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕರಗಿಸಿ. ರಬ್ಬರನ್ನ ಅದರಲ್ಲಿ ಅರ್ಧ ಗಂಟೆ ನೆನೆಹಾಕಿ. ಟ್ಯಾಂಕಿನ ಅಂಚಿಗೆ ಅದೇ ನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಬಿಡಿ. ಸಣ್ಣಗೆ ಗುಳ್ಳೆ ಏಳುತ್ತೆ, ಸುಣ್ಣ ಕರಗ್ತಿದೆ ಅಂತ ಅರ್ಥ. ಆಮೇಲೆ ಹಳೇ ಹಲ್ಲುಜ್ಜೋ ಬ್ರಷ್ ಸಾಕು. ಬಿಳಿ ವಿನೆಗರ್ ಆದರೂ ನಡೆಯುತ್ತೆ.

ಶವರ್‌ಗೂ ಇದೇ. ಪ್ಲಾಸ್ಟಿಕ್ ಕವರ್‌ಗೆ ಈ ನೀರು ಹಾಕಿ ಶವರ್ ಮುಖ ಮುಳುಗೋ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಒಂದು ಗಂಟೆ ಬಿಟ್ಟು ತೆಗೀರಿ. ರಾತ್ರಿಯಿಡೀ ಬಿಡಬೇಡಿ, ಹೊಳಪು ಮಂಕಾಗುತ್ತೆ. ಮಾರ್ಬಲ್ ನೆಲ ಇದ್ದರೆ ಒಂದು ಹನಿಯೂ ಬೀಳದ ಹಾಗೆ ನೋಡಿಕೊಳ್ಳಿ, ಅದೂ ಸುಣ್ಣದ ಕಲ್ಲೇ, ಕಲೆ ಉಳಿಯುತ್ತೆ.

ಮಾಲೂರು ಬಾಡಿಗೆ ಮನೆ, 11:20

ಇಷ್ಟೆಲ್ಲ ಯಾಕೆ? ಬಾತ್‌ರೂಮ್ ತೊಳೆಯೋ ಆಸಿಡ್ ಎರಡು ಮುಚ್ಚಳ ಟ್ಯಾಂಕ್‌ಗೇ ಹಾಕಿದರೆ ಹತ್ತು ನಿಮಿಷಕ್ಕೆ ಉಪ್ಪು ಹೋಗುತ್ತಲ್ಲ? ನಾನು ಹಾಗೇ ಮಾಡಿದ್ದೆ.

ಟೇಕಲ್ ರಸ್ತೆ ಪ್ಲಂಬರ್, 11:31

ತಮ್ಮಾ, ಉಪ್ಪು ಹೋಗುತ್ತೆ. ಜೊತೆಗೆ ಟ್ಯಾಂಕ್ ಹಿಡಿದಿರೋ ಬೋಲ್ಟು, ಸ್ಪ್ರಿಂಗು, ರಬ್ಬರು, ಟೈಲ್ಸ್ ಸಂದಿನ ಸಿಮೆಂಟು ಎಲ್ಲವೂ ಹೋಗುತ್ತೆ. ಆಸಿಡ್ ಹಾಕಿದ ನಲ್ಲಿಯ ಹೊಳಪು ಎದ್ದು ಒಳಗಿನ ಹಿತ್ತಾಳೆ ಕಾಣಿಸಿಕೊಂಡಿರೋದನ್ನ ವಾರಕ್ಕೊಂದಾದರೂ ನೋಡ್ತೀನಿ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತೆ. ಸಣ್ಣ ಬಚ್ಚಲು ಮನೆ, ಬಾಗಿಲು ಹಾಕಿದ್ದರೆ ಉಸಿರು ಕಟ್ಟುತ್ತೆ. ನಿಂಬೆ ಉಪ್ಪು, ವಿನೆಗರ್ ಜೊತೆಗೂ ಬ್ಲೀಚಿಂಗ್ ಪೌಡರ್ ಸೇರಿಸಬಾರದು. ಒಂದು ಹಾಕಿದ ದಿನ ಇನ್ನೊಂದನ್ನ ಮುಟ್ಟಬೇಡಿ.

ಕೋಟೆ ಹಳೇ ಮನೆ (ಕೋಲಾರ), ಮಧ್ಯಾಹ್ನ 12:10

ಉಪ್ಪು ಉಪ್ಪು ಅಂತೀವಿ, ಆದರೆ ಇದು ಅಡುಗೆ ಉಪ್ಪಲ್ಲ. ಬಂಡೆಯ ಸಂದಿಯಲ್ಲಿ ಆಳದಿಂದ ಬರೋ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತೆ. ಕಾಯಿಸಿದಾಗ, ಇಲ್ಲಾ ನೀರು ಆವಿಯಾಗಿ ಒಣಗಿದಾಗ ಅದು ಸುಣ್ಣವಾಗಿ ಕೂರುತ್ತೆ. ನಮ್ಮಜ್ಜಿ ತಾಮ್ರದ ಹಂಡೆಯ ತಳದಿಂದ ವರ್ಷಕ್ಕೊಮ್ಮೆ ಹಪ್ಪಳದ ಹಾಗೆ ಬಿಳಿ ಚಕ್ಕೆ ಎಬ್ಬಿಸ್ತಿದ್ದರು. ಈಗ ಅದೇ ಗೀಸರ್‌ನೊಳಗೆ ಕಣ್ಣಿಗೆ ಕಾಣದ ಹಾಗೆ ಕೂರುತ್ತಿದೆ. ಕುಡಿಯೋ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರ ತನಕ ಅಂತ ಭಾರತೀಯ ಮಾನಕ 10500 ಹೇಳುತ್ತೆ. ನಮ್ಮ ಬೋರ್ ನೀರು ಪರೀಕ್ಷೆ ಮಾಡಿಸಿದಾಗ 600ನ್ನೂ ದಾಟಿತ್ತು.

2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಕಳಿಸೋದು) ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಒಂದೊಂದಾಗಿ ಕೆರೆಗಳು ತುಂಬಿದ ಮೇಲೆ ನಮ್ಮ ಬೋರ್‌ನಲ್ಲಿ ನೀರು ಮೇಲೆ ಬಂತು. ಆದರೆ ಗಡಸು ಹಾಗೇ ಇದೆ. ನದಿ ಇಲ್ಲದ ಊರು ನಮ್ಮದು. ಅಂತರಗಂಗೆ ಬೆಟ್ಟದ ಕಲ್ಲಿನ ಬಸವನ ಬಾಯಿಂದ ಬೀಳೋ ನೀರಿನ ಹಾಗೆ ನಲ್ಲಿಯಲ್ಲಿ ಸದಾ ಹರಿಯೋಕೆ ಬಿಟ್ಟರೆ ನಮಗೆ ಉಳಿಗಾಲ ಇಲ್ಲ. ನಾನು ಒಂದು ರಾತ್ರಿ ಸೋರೋ ನಲ್ಲಿ ಕೆಳಗೆ ಬಿಂದಿಗೆ ಇಟ್ಟು ಮಲಗಿದ್ದೆ. ಬೆಳಿಗ್ಗೆ ಕಂಠದ ತನಕ ತುಂಬಿತ್ತು. ಅವತ್ತೇ ನಲ್ಲಿ ಬಿಚ್ಚೋದು ಕಲಿತೆ.

ಮಾಲೂರು ಬಾಡಿಗೆ ಮನೆ, 12:25

ಆಸಿಡ್ ವಿಷಯ ಗೊತ್ತಿರಲಿಲ್ಲ ಅಣ್ಣ, ಇನ್ನು ಮುಟ್ಟಲ್ಲ. ನಮ್ಮ ಬಾತ್‌ರೂಮ್ ನಲ್ಲಿ ಎಷ್ಟು ಬಿಗಿ ಮಾಡಿದರೂ ತೊಟ್ಟಿಕ್ಕುತ್ತೆ. ಓನರ್ ಹೊಸ ನಲ್ಲಿ ಹಾಕಿಸ್ಕೊಳ್ಳಿ ಅಂತಾರೆ. ಹೊಸದೇ ಬೇಕಾ?

ಟೇಕಲ್ ರಸ್ತೆ ಪ್ಲಂಬರ್, 1:40

ಬೇಡ. ನಲ್ಲಿಯ ಮೈ ಹಿತ್ತಾಳೆ, ಅದು ಅಷ್ಟು ಬೇಗ ಕೆಡಲ್ಲ. ಕೆಡೋದು ಒಳಗಿನ ಸ್ಪಿಂಡಲ್, ಹಿಡಿ ಜೊತೆ ತಿರುಗಿ ನೀರು ತಡೆಯೋ ಭಾಗ. ಮೂರು ನಾಲ್ಕು ಸುತ್ತು ತಿರುಗಿಸೋ ಹಳೇ ನಲ್ಲಿಯಾದರೆ ಅದರ ತುದಿಯ ವಾಷರ್ ಮಾತ್ರ ಬದಲಾಯಿಸಿದರೆ ಆಯ್ತು. ಬಿಗಿ ಮಾಡಿದಷ್ಟೂ ಆ ವಾಷರ್ ಜಜ್ಜಿ ಇನ್ನೂ ಬೇಗ ಹೋಗುತ್ತೆ. ಕಾಲು ಸುತ್ತಿಗೇ ಪೂರ್ತಿ ಬಿಡೋ ನಲ್ಲಿಯಾದರೆ ಒಳಗೆ ಎರಡು ಸೆರಾಮಿಕ್ ಬಿಲ್ಲೆ ಇರುತ್ತೆ. ಅದಕ್ಕೆ ವಾಷರ್ ಬರಲ್ಲ, ಸ್ಪಿಂಡಲ್ ಪೂರ್ತಿ ಬದಲಾಯಿಸಬೇಕು.

ಮೇಲಿನ ವಾಲ್ವ್ ಬಂದ್ ಮಾಡಿ, ನೆಲದ ಜಾಲರಿ ಮೇಲೆ ಬಟ್ಟೆ ಹಾಸಿ. ಸ್ಕ್ರೂ ಬಿದ್ದು ಟ್ರ್ಯಾಪ್ (ಜಾಲರಿ ಅಡಿಯ ಬಾಗು ಪೈಪು) ಒಳಗೆ ಹೋದರೆ ಸಿಗಲ್ಲ. ಹಿಡಿಯ ಮೇಲಿನ ಬಿಲ್ಲೆ ಎಬ್ಬಿಸಿ ಸ್ಕ್ರೂ ತೆಗೀರಿ, ಹಿಡಿ ಬಿಡುತ್ತೆ. ಈಗ ಮುಖ್ಯ ವಿಷಯ: ಒಂದು ಪಾನದಿಂದ ನಲ್ಲಿಯ ಮೈಯನ್ನ ಅಲುಗದ ಹಾಗೆ ಹಿಡ್ಕೊಂಡು, ಇನ್ನೊಂದರಿಂದ ಸ್ಪಿಂಡಲ್ ಬಿಚ್ಚಬೇಕು. ಒಂದೇ ಪಾನ ಹಾಕಿ ಎಳೆದರೆ ನಲ್ಲಿಯೇ ಗೋಡೆಯೊಳಗೆ ತಿರುಗುತ್ತೆ. ಹೊಳಪು ಹೋಗದಿರಲಿ ಅಂತ ಪಾನದ ಬಾಯಿಗೆ ಬಟ್ಟೆ ಸುತ್ಕೊಳ್ಳಿ. ಹಳೇ ಸ್ಪಿಂಡಲನ್ನ ಅಂಗಡಿಗೆ ತಗೊಂಡೇ ಹೋಗಿ. ಉದ್ದ, ತುದಿಯ ಹಲ್ಲು, ಎಡಕ್ಕೆ ತಿರುಗೋದಾ ಬಲಕ್ಕಾ, ಮೂರೂ ಹೊಂದಬೇಕು. ಬರೀ ಅರ್ಧ ಇಂಚಿನ ನಲ್ಲಿ ಅಂತ ಬಾಯಲ್ಲಿ ಹೇಳಿ ತಂದರೆ ಎರಡನೇ ಸಲ ಹೋಗಬೇಕಾಗುತ್ತೆ.

ಕಂಪನಿ ಸ್ಪಿಂಡಲ್ ಸಿಕ್ಕದಿದ್ದರೆ ಆಗ ಮಾತ್ರ ಹೊಸ ನಲ್ಲಿ. ಟೆಫ್ಲಾನ್ ಟೇಪನ್ನ ನಲ್ಲಿಯ ಥ್ರೆಡ್ ತುದಿ ನಿಮ್ಮ ಮುಖಕ್ಕೆ ಇರೋ ಹಾಗೆ ಹಿಡಿದು ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಎಳೆದು ಸುತ್ತಿ. ನಮ್ಮಲ್ಲಿ ಸಿಗೋ ಟೇಪ್ ತೆಳ್ಳಗಿರುತ್ತೆ, ಹತ್ತು ಹನ್ನೆರಡು ಸುತ್ತು ಬೇಕು. ಉಲ್ಟಾ ಸುತ್ತಿದರೆ ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತೆ. ನಲ್ಲಿ ನೇರ ನಿಲ್ಲಲಿಲ್ಲ ಅಂತ ಬಿಗಿಯಾದ ಮೇಲೆ ಹಿಂದಕ್ಕೆ ತಿರುಗಿಸಿದರೆ ಅಲ್ಲೇ ಸೋರಿಕೆ ಶುರು. ಪೂರ್ತಿ ಬಿಚ್ಚಿ, ಹಳೇ ಟೇಪ್ ಕಿತ್ತು, ಮತ್ತೆ ಸುತ್ತಿ ಕೂರಿಸಿ.

ಚಿಂತಾಮಣಿ ಸೊಸೆ, 2:05

ಹೆಲ್ತ್ ಫಾಸೆಟ್ (ಕಮೋಡ್ ಪಕ್ಕದ ಕೈ ಶವರ್) ಪೈಪಿಗೂ ಟೇಪ್ ಸುತ್ತಬೇಕಾ ಅಣ್ಣ?

ಟೇಕಲ್ ರಸ್ತೆ ಪ್ಲಂಬರ್, 2:12

ಬೇಡಮ್ಮ. ಅದರ ನಟ್‌ನೊಳಗೆ ರಬ್ಬರ್ ವಾಷರ್ ಇರುತ್ತೆ, ನೀರು ತಡೆಯೋದು ಅದೇ. ಕಮೋಡ್ ಕನೆಕ್ಷನ್ ಪೈಪಿಗೂ, ಗೀಸರ್ ಕನೆಕ್ಷನ್‌ಗೂ ಅಷ್ಟೇ. ಕೈಯಲ್ಲಿ ಬಿಗಿ ಮಾಡಿ, ಪಾನದಲ್ಲಿ ಕಾಲು ಸುತ್ತು, ಸಾಕು. ಫಾಸೆಟ್ ಬಳಸಿದ ಮೇಲೆ ಅದರ ಕಾಕ್ ಬಂದ್ ಮಾಡೋ ಅಭ್ಯಾಸ ಮಕ್ಕಳಿಗೂ ಕಲಿಸಿ. ತೆರೆದೇ ಬಿಟ್ಟರೆ ಪೈಪಿನ ಮೇಲೆ ಒತ್ತಡ ಕೂತೇ ಇರುತ್ತೆ. ಎಲ್ಲರೂ ಊರಿಗೆ ಹೋದ ದಿನ ಅದು ಒಡೀತದೆ.

ಶ್ರೀನಿವಾಸಪುರ ತೋಟದ ಮನೆ, 4:30

ನಮ್ಮದು ನಲ್ಲಿಯದ್ದಲ್ಲ, ವಾಸನೆಯದ್ದು. ಅತಿಥಿಗಳ ಬಚ್ಚಲು ಮನೆ ಬಾಗಿಲು ತೆಗೆದರೆ ಗಟಾರದ ನಾತ, ಜಿರಳೆ ಬೇರೆ. ವಾಷ್ ಬೇಸಿನ್ ನೀರೂ ನಿಧಾನಕ್ಕೆ ಇಳಿಯುತ್ತೆ.

ಕೋಟೆ ಹಳೇ ಮನೆ, 5:00

ಆ ಬಚ್ಚಲು ಬಳಸೋದೇ ಕಡಿಮೆ ಅಲ್ವಾ? ನೆಲದ ಟ್ರ್ಯಾಪ್ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು, ಗಟಾರದ ಗಾಳಿ ಮೇಲೆ ಬರದ ಹಾಗೆ ಬಾಗಿಲು ಹಾಕೋದು ಅದೇ. ಬೇಸಿಗೆಯಲ್ಲಿ ಅದು ಆರಿ ಹೋಗುತ್ತೆ. ಒಂದು ಚೊಂಬು ನೀರು ಹುಯ್ದು ನೋಡಿ, ಅರ್ಧ ಗಂಟೆಗೆ ನಾತ ನಿಲ್ಲುತ್ತೆ. ತಿಂಗಳುಗಟ್ಟಲೆ ಮನೆ ಮುಚ್ಚೋದಿದ್ದರೆ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ನೀರು ಬೇಗ ಆರಲ್ಲ.

ಬೇಸಿನ್ ಕೆಳಗೆ ಬಟ್ಟಲಿನಂಥ ಬಾಟಲ್ ಟ್ರ್ಯಾಪ್ ಇದ್ದರೆ ಅಡಿಗೆ ಬಕೆಟ್ ಇಟ್ಟು ಕೈಯಲ್ಲೇ ತಿರುಗಿಸಿ ಬಿಚ್ಚಿ. ಕೂದಲು, ಸೋಪಿನ ಜಿಡ್ಡು ಸೇರಿ ಕಪ್ಪು ಮುದ್ದೆ ಬರುತ್ತೆ. ತೊಳೆದು ಹಾಕುವಾಗ ಅದರ ರಬ್ಬರ್ ಬಳೆ ಮಡಿಸಿಕೊಳ್ಳದ ಹಾಗೆ ನೋಡಿ. ಬಿಚ್ಚಿರುವಾಗ ಮರೆತು ಬೇಸಿನ್ ನಲ್ಲಿ ಬಿಡಬೇಡಿ.

ಕೆಜಿಎಫ್ ನಿವೃತ್ತ, 5:45

ಇಲ್ಲಿಗೆ ಒಂದು ಮಾತು ಸೇರಿಸಲೇಬೇಕು. ಟ್ರ್ಯಾಪ್ ತನಕ ನಮ್ಮ ಕೈ. ಅದರಾಚೆ ಚೇಂಬರ್, ಸೆಪ್ಟಿಕ್ ಗುಂಡಿ ಕಟ್ಟಿಕೊಂಡಿದ್ದರೆ ನೀವೂ ಇಳಿಯಬೇಡಿ, ದುಡ್ಡು ಕೊಟ್ಟು ಯಾರನ್ನೂ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಆಳು ಕ್ಷಣದಲ್ಲಿ ಬಿದ್ದು ಹೋಗ್ತಾನೆ, ಎತ್ತೋಕೆ ಇಳಿದವನೂ ಉಳಿಯಲ್ಲ. ಮಲ ಹೊರೋ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅದು ಅಪರಾಧ. ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇಡೀ ಬದುಕನ್ನ ಈ ಅನಿಷ್ಟ ನಿಲ್ಲಿಸೋಕೆ ಕೊಟ್ಟವರು, 2016ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನಮ್ಮ ಜಿಲ್ಲೆಯವರಾಗಿ ನಾವೇ ಒಬ್ಬ ಮನುಷ್ಯನನ್ನ ಗುಂಡಿಗೆ ಇಳಿಸಿದರೆ ಅದಕ್ಕಿಂತ ನಾಚಿಕೆ ಬೇರೆ ಇಲ್ಲ. ನಗರಸಭೆಗೆ ಹೇಳಿ ಸಕ್ಕಿಂಗ್ ಗಾಡಿ ಕರೆಸಿ.

ಟೇಕಲ್ ರಸ್ತೆ ಪ್ಲಂಬರ್, 6:10

ಕೈ ಮುಗಿದೆ ಸರ್. ನಾನೂ ಕೈ ಹಾಕಬೇಡಿ ಅನ್ನೋದು ಇನ್ನೆರಡಿದೆ. ಗೀಸರ್ ಒಳಗೆ ಬೇಡ. ಅದರ ಕನೆಕ್ಷನ್ ಪೈಪ್ ಬದಲಾಯಿಸೋದಿದ್ದರೂ ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿ (ಮೀಟರ್ ಬೋರ್ಡಿನ ಟ್ರಿಪ್ ಸ್ವಿಚ್) ಇಳಿಸಿ, ನೀರು ತಣ್ಣಗಾದ ಮೇಲೆ ಮುಟ್ಟಿ. ಗೀಸರ್‌ನ ಸೇಫ್ಟಿ ವಾಲ್ವ್‌ನಿಂದ ಹನಿ ಬೀಳುತ್ತೆ ಅಂತ ಅದಕ್ಕೆ ಎಂ-ಸೀಲ್ (ಗಟ್ಟಿಯಾಗೋ ಅಂಟು) ಮೆತ್ತಿದವರನ್ನ ನೋಡಿದ್ದೀನಿ. ಒತ್ತಡ ಹೊರಗೆ ಹೋಗೋ ದಾರಿ ಅದು, ಮುಚ್ಚಿದರೆ ಗೀಸರ್ ಸಿಡಿಯುತ್ತೆ. ಎರಡನೇದು, ಗೋಡೆಯಲ್ಲಿ ತೇವ ಹಬ್ಬುತ್ತಿದ್ದು ಎಲ್ಲ ನಲ್ಲಿ ಬಂದ್ ಮಾಡಿದರೂ ಟ್ಯಾಂಕ್ ಇಳೀತಿದ್ದರೆ ಅದು ಒಳಗಿನ ಪೈಪಿನದ್ದು. ಮೇಲಿನಿಂದ ಸಿಮೆಂಟ್ ಬಳಿದರೆ ಏನೂ ಆಗಲ್ಲ, ನಮ್ಮಂಥವರನ್ನ ಕರೀರಿ.

ಅಕ್ಕ, ನಿಮ್ಮ ಟ್ಯಾಂಕ್ ಏನಾಯ್ತು?

ಕಾರಂಜಿಕಟ್ಟೆ ಮನೆ, ರಾತ್ರಿ 8:50

ಈಗ ಕೂತೆ ಅಣ್ಣ. ನಿಂಬೆ ಉಪ್ಪು ಪಕ್ಕದ ಬೀದಿಯ ಅಂಗಡಿಯಲ್ಲೇ ಸಿಕ್ತು. ಅಂಚಿನ ಮೇಲೆ ಬಟ್ಟೆ ಇಟ್ಟು ಅರ್ಧ ಗಂಟೆ ಬಿಟ್ಟೆ, ಗಂಟು ಪೂರ್ತಿ ಹೋಗಲಿಲ್ಲ. ಇನ್ನೊಂದು ಸಲ ಇಟ್ಟೆ. ಎರಡನೇ ಸಲ ಬ್ರಷ್‌ಗೆ ಸುಣ್ಣದ ಕೆಸರಿನ ಹಾಗೆ ಬಂತು. ಅಂಚಿನ ಮೇಲೆ ಬೆರಳಾಡಿಸಿದರೆ ಈಗ ಗಾಜಿನ ಲೋಟದ ಕಂಠದ ಹಾಗೆ ನುಣ್ಣಗಿದೆ. ರಬ್ಬರನ್ನ ತೊಳೆದು, ತಿರುವಿ ಹಾಕಿದೆ. ವಾಲ್ವ್ ಕೂರಿಸಿ ಬಲಕ್ಕೆ ಕಾಲು ಸುತ್ತು ತಿರುಗಿಸಿದಾಗ ಟಕ್ ಅಂತು.

ಆ್ಯಂಗಲ್ ಕಾಕ್ ಮೇಲೂ ಅದೇ ಬಟ್ಟೆ ಸುತ್ತಿಟ್ಟಿದ್ದೆ. ಸಾಯಂಕಾಲ ಕೈಯಲ್ಲೇ ಒಂದು ಎಳ್ಳಿನಷ್ಟು ಅಲುಗಾಡಿತು. ಜೋರು ಮಾಡಲಿಲ್ಲ. ಆಚೆ ಈಚೆ, ಆಚೆ ಈಚೆ, ಹತ್ತು ನಿಮಿಷದಲ್ಲಿ ಪೂರ್ತಿ ತಿರುಗಿತು.

ಫ್ಲಶ್ ಟ್ಯಾಂಕ್ ತುಂಬಿಸಿ, ಈಗಿನ ಮಟ್ಟಕ್ಕೆ ಹೊಸ ಪೆನ್ಸಿಲ್ ಗೀಟು ಎಳೆದು, ಮತ್ತೆ ಕೇಸರಿ ಬಣ್ಣ ಹಾಕಿದ್ದೀನಿ. ಇವತ್ತು ರಾತ್ರಿ ಕಮೋಡ್ ಯಾರೂ ಬಳಸಬೇಡಿ, ಇನ್ನೊಂದು ಬಚ್ಚಲಿಗೆ ಹೋಗಿ ಅಂತ ಮನೆಯಲ್ಲಿ ಹೇಳಿದ್ದೀನಿ.

ಟೇಕಲ್ ರಸ್ತೆ ಪ್ಲಂಬರ್, 9:02

ಮೇಲಿನ ವಾಲ್ವ್ ತೆರೆದ ಮೇಲೆ ತಗ್ಗಿನ ನಲ್ಲಿ ಮೊದಲು ಬಿಟ್ಟಿದ್ದೀರಿ ತಾನೇ? ಪೈಪಲ್ಲಿ ಸಿಕ್ಕಿರೋ ಗಾಳಿ, ಉಪ್ಪಿನ ಚೂರು ಅಲ್ಲೇ ಹೋಗಬೇಕು. ಇಲ್ಲದಿದ್ದರೆ ಶವರ್‌ಗೆ, ನಲ್ಲಿ ಬಾಯಿಯ ಜಾಲರಿಗೆ ಹೋಗಿ ಕೂರುತ್ತೆ.

ಕಾರಂಜಿಕಟ್ಟೆ ಮನೆ, ಸೋಮವಾರ ಬೆಳಿಗ್ಗೆ 6:20

ಬಿಟ್ಟಿದ್ದೆ ಅಣ್ಣ, ಹಿತ್ತಲ ನಲ್ಲಿ. ಮೊದಲು ಕೆಮ್ಮಿದ ಹಾಗೆ ಗಾಳಿ, ಆಮೇಲೆ ಬಿಳಿ ಮರಳು ಬಂತು.

ಈಗ ಎದ್ದು ನೋಡಿದೆ. ಫ್ಲಶ್ ಟ್ಯಾಂಕಲ್ಲಿ ಕೇಸರಿ ನೀರು ಪೆನ್ಸಿಲ್ ಗೀಟಿನ ಮೇಲೇ ನಿಂತಿದೆ. ಕಮೋಡ್ ನೀರು ತಿಳಿಯಾಗಿದೆ. ಮೇಲಿನ ಟ್ಯಾಂಕ್ ರಾತ್ರಿ ಎಷ್ಟಿತ್ತೋ ಅಷ್ಟೇ ಇದೆ. ಅತ್ತೆ ನೋಡಿ, ನನ್ನ ತಲೆ ಮೇಲೆ ಕೈ ಇಟ್ಟು ಒಳಗೆ ಹೋದರು. ಬುಧವಾರ ಬರಬೇಕಿದ್ದ ನಮ್ಮ ಪ್ಲಂಬರ್‌ಗೆ ಫೋನ್ ಮಾಡಿ, ಆ್ಯಂಗಲ್ ಕಾಕ್ ಒಂದು ಹೊಸದು ತನ್ನಿ, ಹಳೇದರ ಕಂಠದಲ್ಲಿ ಸಣ್ಣಗೆ ತೇವ ಕಾಣ್ತಿದೆ, ಅದನ್ನ ನೀವೇ ಹಾಕಿಕೊಡಿ ಅಂತ ಹೇಳ್ತೀನಿ. ಅಲ್ಲಿವರೆಗೂ ಅದರಡಿಗೆ ಒಂದು ಬಟ್ಟಲು ಇಟ್ಟಿದ್ದೀನಿ.